ಕಾಗೆರಾಜನ ಪದಚ್ಯುತಿ

ಡೊಳ್ಳಿ ಎಂಬ ಎಮ್ಮೆಯ ಬೆನ್ನೇ ಕಾಗೆರಾಜನ ಸಿಂಹಾಸನ. ಅವನು ದಿನವೂ ಆ ಬೆನ್ನಿನ ಹುಣ್ಣನ್ನು ಕುಕ್ಕಿ ತಿನ್ನುತ್ತಿದ್ದ. ಕಂದಾಯ ಎಂದು ಅದಕ್ಕೆ ಹೆಸರು. ಹುಣ್ಣು ಮಾಯುವ ಹಾಗೇ ಇರಲಿಲ್ಲ. ಕೊನೆಗೆ ಎಮ್ಮೆಗಳೆಲ್ಲ ಸಭೆ ಸೇರಿದವು. ರಾಜನನ್ನು ಬಿಟ್ಟು ಸಭೆ ನಡೆಸುವುದು ಮರ್ಯಾದೆಯಲ್ಲವೆಂದು ಡೊಳ್ಳಿಯೇ ಅವನನ್ನು ಹೊತ್ತು ತಂದಳು.

"ಕಾಗೆರಾಜರನ್ನು ಪದಚ್ಯುತಗೊಳಿಸಿದ್ದೇವೆ!" ಎಂದು ಮುದಿಕೋಣ ಸಾರಿದ. ಎಮ್ಮೆಗಳು ಬಾಲ ಬೀಸಿ ಜೈ ಅಂದವು.

"ಬಹಳ ಸಂತೋಷ," ಎಂದು ಕಾಗೆ ಇನ್ನೊಮ್ಮೆ ಕುಕ್ಕಿದ. "ಡೊಳ್ಳೀ, ಪದಚ್ಯುತ ರಾಜನನ್ನು ಮನೆಗೆ ಹೊತ್ತುಕೊಂಡು ನಡಿ."

"ಕೋಣಣ್ಣಾ, ಪದಚ್ಯುತಗೊಳಿಸುವುದು ಅಂದರೇನು?" ಎಂದಳು ಡೊಳ್ಳಿ.

"ಈಗ ಹೇಳಿದೆನಲ್ಲ, ಅದೇ."

"ಇವರು ನನ್ನ ಬೆನ್ನ ಮೇಲೇ ಇದ್ದಾರಲ್ಲ!"

"ಅದು ಬೇರೆ ವಿಷಯ ತಂಗಿ. ಅದಕ್ಕೆ ಇನ್ನೊಂದು ಸಭೆ ಕರೆಯಬೇಕು."

ಡೊಳ್ಳಿ ನೇರ ಕೆರೆಗೆ ನಡೆದು, ಮೂಗಿನ ಹೊಳ್ಳೆಯಷ್ಟೇ ಮೇಲಿಟ್ಟು, ನೀರಿನಲ್ಲಿ ಮುಳುಗಿ ಕೂತಳು.

ಕಾಗೆ ತೊಯ್ದ ಪುಕ್ಕ ಕೊಡವುತ್ತ ಜಾಲಿಮರಕ್ಕೆ ಹಾರಿ, "ರಾಜದ್ರೋಹ! ಸಭೆಯಲ್ಲಿ ಹೀಗಂತ ಯಾರೂ ಹೇಳಲೇ ಇಲ್ಲ!" ಎಂದು ಅರಚಿದ.

ಹಿಂದೆಯೇ ದಡಕ್ಕೆ ಬಂದಿದ್ದ ಎಮ್ಮೆಗಳೂ ದಬದಬನೆ ನೀರಿಗಿಳಿದವು. ಎಲ್ಲರಿಗಿಂತ ಕೊನೆಗೆ ಇಳಿದ ಮುದಿಕೋಣ, "ನಾನು ಹೇಳಿದ್ದೂ ಇದನ್ನೇ!" ಅಂದ.