ಹೊಳೆದಂಡೆಯ ಹೂಂ

ಆಡಿದ ಮಾತನ್ನೂ ಆಡದೆ ನುಂಗಿದ ಮಾತನ್ನೂ ಒಂದೇ ಸಮ ಕೇಳಿಸಿಕೊಳ್ಳುವ ಪರಶಿವನಿಗೆ ಶರಣು.

ಹೊಳೆಯ ದಂಡೆಯಲ್ಲೊಂದು ಮಠ. ಅಲ್ಲಿ ಮುಪ್ಪಿನಯ್ಯನೆಂಬ ಗುರು, ಗವಿಸಿದ್ದನೆಂಬ ಶಿಷ್ಯ.

ಪಟ್ಟಣದ ಸಂಸ್ಥೆಯೊಂದು ಮೀನುಗಾರರಿಗೆ ದಂಡೆಯ ಹಕ್ಕು ಕೊಡಿಸುವ ಯೋಜನೆ ಹೂಡಿತ್ತು. ದಂಡೆಯನ್ನು ಮನೆಮನೆಗೆ ತುಂಡು ಮಾಡಿ, ತುಂಡಿಗೊಂದು ಪಟ್ಟಾ. ಊರಿನ ಮೀನುಗಾರ ಹೆಂಗಸರ ಸಂಘವೇ ಪಾಲುದಾರ. ಮಠದ ಮಾತು ಊರಿನಲ್ಲಿ ನಡೆಯುತ್ತದೆಂದು, ಸಂಸ್ಥೆಯ ಪರವಾಗಿ ಸಂಘವನ್ನು ಒಪ್ಪಿಸಿ ಬರುವ ಕೆಲಸ ಗವಿಸಿದ್ದನ ಪಾಲಿಗೆ ಬಂದಿತ್ತು.

ಮಧ್ಯಾಹ್ನ ಅವನು ಮರಳಿದ. ಮುಖದಲ್ಲಿ ಗೆಲುವಿತ್ತು, ಒಳಗೇನೋ ಕೊರೆಯುತ್ತಿತ್ತು.

"ಎಲ್ಲಾರೂ ಒಪ್ಪಿದ್ರು, ಅಜ್ಜಾರ. ನಾಳೆ ಸಂಸ್ಥೆಯವರು ಸಹಿಗೆ ಬರ್ತಾರ."

"ಏನಂದು ಒಪ್ಪಿದ್ರು?"

"ನಾ ಹೇಳಿದ್ದಕ್ಕೆಲ್ಲ ಹೂಂ ಅಂದ್ರು."

"ಒಬ್ಬರೂ ಜಗಳ ತೆಗೀಲಿಲ್ಲ?"

"ಇಲ್ರಿ."

"ತಮ್ಮದೇ ದಂಡಿ ಮಾತು, ಜಗಳಾನೂ ಇಲ್ಲ. ನನಗ್ಯಾಕೋ ಅನುಮಾನ, ತಮ್ಮಾ."

"ಅವರ ಮ್ಯಾಲೇನ್ರಿ?"

"ಅವರ ಮ್ಯಾಲಲ್ಲ. ಇರಲಿ, ಒಂದು ಕತಿ ಕೇಳು. ಒಂದಾನೊಂದು ಮಠ."

"ಹೂಂ."

"ಮಠದಾಗೊಬ್ಬ ಶಿಷ್ಯ."

"ಹೂಂ."

"ನಾಳೆಯಿಂದ ಅವನಿಗೆ ಊಟ ಇಲ್ಲ."

"ಹೂಂ."

"ಒಪ್ಪಿದಿ. ಅಡುಗಿಯವನಿಗೆ ಹೇಳಿಬಿಡ್ತೀನಿ."

"ಅಯ್ಯೋ ಅಜ್ಜಾರ! ನಾ ಒಪ್ಪಿದ್ದಲ್ರಿ, ಕೇಳಾಕತ್ತೀನಿ ಅಂತ ಹೂಂಗುಟ್ಟಿದೆ!"

ಶಿವನ ದಯೆ, ಆ ಮಾತು ಅವನ ಕಿವಿಗೇ ತಿರುಗಿ ಬಡಿಯಿತು. ಎದ್ದು ದಂಡೆಗೆ ನಡೆದ.

ಸಂಘದ ಹಿರಿಯಾಕೆ ಹುಲಿಗೆವ್ವ ಎಲ್ಲರಿಗೂ ಸೇರಿದ ದೊಡ್ಡ ಬಲೆಯನ್ನು ಒಣಗಲು ಹಾಸುತ್ತಿದ್ದಳು.

"ಯವ್ವಾ, ಈ ಯೋಜನೆದಾಗ ನಿಮಗ ಬ್ಯಾಡಾದ್ದು ಏನೈತಿ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಯಾರು ಕೇಳಸಾಕತ್ತಾರ? ಸಂಸ್ಥೆಯವರೋ, ಅಜ್ಜಾರೋ?"

"ನಾನೇ ಕೇಳಾಕತ್ತೀನಿ."

"ಹಂಗಾದ್ರ ಕೇಳ್ರಿ. ಈ ಬಲಿ ಹಾಸಾಕ ಇಡೀ ದಂಡಿ ಬೇಕು. ದಂಡಿ ತುಂಡು ಮಾಡಿ, ಬಲೀನೂ ಹರಿದು ಮನಿಮನಿಗೆ ಹಂಚ್ತೀರೇನು? ನಮಗ ಸಂಘದ ಹೆಸರಿಗೆ ಒಂದೇ ಪಟ್ಟಾ ಬೇಕು."

"ಮುಂಜಾನೆ ಯಾಕ ಹೇಳಲಿಲ್ಲ?"

"ಒಲ್ಲೆವು ಅಂದ್ರ ಯೋಜನಿ ಹೊಳಿ ಆಚಿ ಊರಿಗೆ ಹೋಗತೈತಿ. ನೀವೂ ಅದರ ಬೆನ್ನ ಹತ್ತಿ ಹೋಗ್ತೀರಿ. ಆಮ್ಯಾಲೆ ನಮ್ಮ ಹಕ್ಕಿನ ಮಾತು ಆಡೋರು ಯಾರು?" ಹುಲಿಗೆವ್ವ ಬಲೆಯ ಅಂಚು ಬಿಟ್ಟು ನೆಟ್ಟಗೆ ನಿಂತಳು. "ನೀವ ಹೇಳ್ರಿ, ಸ್ವಾಮ್ಯಾರ. ಒಲ್ಲೆವು ಅಂದ್ರೂ ಈ ದಂಡಿಗೆ ಬರ್ತೀರೇನು?"

ಉತ್ತರಕ್ಕೆ ಕಾಯದೆ ಅವಳು ನಕ್ಕು, ಮತ್ತೆ ಬಲೆಗೆ ಬಗ್ಗಿದಳು.

ಮಠಕ್ಕೆ ಬಂದು ಎಲ್ಲವನ್ನೂ ಗುರುವಿನ ಮುಂದೆ ಹೇಳಿದ.

"ಸಂಘದವರು ಒಪ್ಪಿಲ್ಲ ಅಂತ ಸಂಸ್ಥೆಗೆ ನಾನೇ ಹೇಳ್ತೀನಿ, ಅಜ್ಜಾರ. ಆದ್ರ ಹುಲಿಗೆವ್ವಗ ಏನು ಹೇಳ್ಲಿ? ಬರ್ತೀನಿ ಅಂದ್ರ ನಂಬ್ತಾಳೇನು?"

"ನಂಬೋದಿಲ್ಲ. ನಂಬಲೂಬಾರದು."

"ಹಂಗಾದ್ರ?"

ಮುಪ್ಪಿನಯ್ಯ ಶಿಷ್ಯನ ಹಣೆಗೆ ವಿಭೂತಿ ಹಚ್ಚಿದ.

"ನಾಳೆ ನಿನ್ನ ಜೋಡಿ ಸಂಘದವರೂ ಬಾಯಿಬಿಟ್ಟು ಒಲ್ಲೆವು ಅನ್ನಲಿ. ಬರ್ತೀನಿ ಅನ್ನಬ್ಯಾಡ, ನಾಡಿದ್ದು ಹೊತ್ತು ಮೂಡೋದಕ್ಕ ನೀ ದಂಡಿಮ್ಯಾಲಿರು."

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಶಿವನು ಒಳ್ಳೆಯದು ಮಾಡಲಿ, ನಿಮ್ಮ ಹೊಟ್ಟೆ ತಣ್ಣಗಿರಲಿ.