ಒಳಗೆ ಸರಿಸಿದ ರೊಟ್ಟಿ

ಗದಗಿನಲ್ಲಿ ಶಂಕ್ರವ್ವ ಅಂತ ಒಬ್ಬಾಕೆ ಖಾನಾವಳಿ ಇಟ್ಟಿದ್ದಳು. ಆಕೆಗೊಬ್ಬ ಮಗ, ಗುರುಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಆಕೆಯ ತಲೆನೋವು! ಅದರ ಮೇಲೆ ಪೈತಾನ್ ಪ್ರೋಗ್ರಾಮ್ ಬರೆಯೋದು ಬೇರೆ ಕಲಿತಿದ್ದ. ನಗಬೇಡ್ರಿ, ಕಂಪ್ಯೂಟರ್ ಮುಂದೆ ಕೂತ ನಾವೆಲ್ಲ ಇವನ ಅಣ್ಣತಮ್ಮಂದಿರೇ.

ಗಿರಾಕಿ ಇಲ್ಲದೆ ಒಲೆ ಆರುವ ಹೊತ್ತಿಗೆ ಹಾಸ್ಟೆಲ್ ವಾರ್ಡನ್ ಹೊಳಿಯಪ್ಪ ಬಂದ.

"ಹುಡುಗರ ಊಟ ನಿಮಗ ಕೊಡ್ತೀನವ್ವ. ವಾರದ ಅಡಗಿ ಎಕ್ಸ್‌ಎಂಎಲ್‌ನಾಗ ಬರೆದುಕೊಡ್ರಿ, ನಮ್ಮ ಕಂಪ್ಯೂಟರಿಗೆ ಹಾಕಬೇಕು. ನನಗೂ ಓದಾಕ ಬರಬೇಕು ಮತ್ತ!"

ಶಂಕ್ರವ್ವನಿಗೆ ಹೋದ ಜೀವ ಬಂದಂತಾಯಿತು.

ಎಕ್ಸ್‌ಎಂಎಲ್ ಅಂದರೆ ಮತ್ತೇನಿಲ್ಲ. ವಾರ ತೆರೆಯೋದಕ್ಕೊಂದು ಗುರುತು, ಮುಚ್ಚೋದಕ್ಕೊಂದು ಗುರುತು. ವಾರದೊಳಗೆ ದಿನ, ದಿನದೊಳಗೆ ರೊಟ್ಟಿ, ಪಲ್ಯ. ಗುರುಸಿದ್ದನ ಪ್ರೋಗ್ರಾಮ್ ಅಷ್ಟನ್ನೂ ಒಂದೇ ಸಾಲಿನಲ್ಲಿ ಉಗುಳಿತು.

"ಏನೋ ಇದು! ಒಂದೊಂದನ್ನ ಒಂದೊಂದು ಸಾಲಿಗೆ ಹಾಕೊ!"

"ಆತವ್ವ." ಹಾಕಿದ. ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು! 'ರೊ' ಮೇಲೆ, 'ಟ್ಟಿ' ಕೆಳಗೆ.

"ಅಯ್ಯ ನನ್ನ ಕರ್ಮ! ಗುರುತು ಬಂದಲ್ಲಿ ಸಾಲು ಮುರಿಯೊ. ಒಳಗಿಂದನ್ನ ನಾಕು ಜಾಗ ಒಳಗ ಸರಿಸು!"

"ಆತವ್ವ." ಸರಿಸಿದ. ಪ್ರತಿ ಸಾಲನ್ನೂ ಅದರ ಮೇಲಿನದಕ್ಕಿಂತ ನಾಲ್ಕು ಜಾಗ! ಸೋಮವಾರದ ರೊಟ್ಟಿ ಕಂಡಿತು, ಶನಿವಾರದ್ದು ಪರದೆ ದಾಟಿ ಹೋಗಿತ್ತು.

"ಒಳಗ ಹೋದಾಂವ ಹೊರಗ ಬರೋದು ಬ್ಯಾಡೇನೊ? ಮುಚ್ಚೋ ಗುರುತು ಬಂತಂದ್ರ ಹೊರಗ ಬಾ!"

"ಆತವ್ವ." ಒಂದು ಗುರುತು ಮುಚ್ಚಿದ, ಎದ್ದು ಅಂಗಳಕ್ಕೆ ಹೋದ. ಬಂದ. ಇನ್ನೊಂದು ಮುಚ್ಚಿದ, ಮತ್ತೆ ಅಂಗಳಕ್ಕೆ!

"ನೀ ಅಲ್ಲೋ, ಸಾಲು!" ಶಂಕ್ರವ್ವ ಹಣೆ ಹಣೆ ಚಚ್ಚಿಕೊಂಡಳು.

ಅಂತೂ ಸರಿಹೋಯಿತು. ಹೊಳಿಯಪ್ಪ ಓದಿ ಭೇಷ್ ಅಂದ. ನಾಳೆ ಉಂಡು ನೋಡಿ ಆರ್ಡರ್ ಖಾಯಂ ಮಾಡ್ತೀನಿ ಅಂದ.

ಮರುದಿನ ಶಂಕ್ರವ್ವ ಮಗನಿಗೆ ಹೇಳಿದಳು: "ನಾ ರೊಟ್ಟಿ ಬಡೀತೀನಿ. ನೀ ಆ ಪಟ್ಟಿಯೊಳಗ ಬರೆದಂಗ ಬಡಸು. ಒಂದೀಟೂ ಆಕಡೆ ಈಕಡೆ ಆಗಬಾರದು!"

"ಆತವ್ವ."

ಬಿಸಿ ರೊಟ್ಟಿ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದು ನೋಡುತ್ತಾಳೆ! ವಾರ್ಡನ್ ಬಾಗಿಲ ಬಳಿ ಮಣೆಯ ಮೇಲೆ. ಖಾಲಿ ತಟ್ಟೆ ಅವನಿಂದ ನಾಲ್ಕು ಮೊಳ ಒಳಗೆ. ರೊಟ್ಟಿ ತಟ್ಟೆಯಿಂದ ನಾಲ್ಕು ಮೊಳ ಒಳಗೆ, ಬರೀ ನೆಲದ ಮೇಲೆ. ಪಲ್ಯ ರೊಟ್ಟಿಯ ನೇರಕ್ಕೆ, ಅದರ ಕೆಳಗಿನ ಸಾಲಿನಲ್ಲಿ. ಹೊಳಿಯಪ್ಪ ಕೈ ಚಾಚಿ ಚಾಚಿ ಸೋತಿದ್ದ.

"ಏ ಹುಚ್ಚಪ್ಪ, ಏನೋ ಇದು!"

"ತಡಿಯವ್ವ, ಇನ್ನೂ ಮುಗದಿಲ್ಲ. ಮುಚ್ಚೋದು ಉಳದೈತಿ," ಅಂದವನೇ ಹಸಿದ ವಾರ್ಡನ್ನನ ಕೈ ಹಿಡಿದು ಎಬ್ಬಿಸಿ, ಹೊಸ್ತಿಲಾಚೆ ನಿಲ್ಲಿಸಿ, ಬಾಗಿಲು ಹಾಕಿ ಅಗುಳಿ ಜಡಿದ.

ಹೊರಗೆ ಸ್ಕೂಟರ್ ಹೊರಟುಹೋದ ಸದ್ದು.

"ಈಗ ನೋಡವ್ವ," ಅಂದ ಗುರುಸಿದ್ದ, "ಎಲ್ಲಾ ಬರೋಬ್ಬರಿ ಮುಚ್ಚೇತಿ!"