ಗಾಜಿನ ಕೆಳಗಿನ ಕೆಂಪು ಸುತ್ತು

"ಎಷ್ಟು ಕಲಿತರೂ ಅದೇ ಪದದಲ್ಲಿ ಎಡವುತ್ತೇನೆ, ಟೀಚರ್. ತಪ್ಪಿಲ್ಲದ ಇಂಗ್ಲಿಷ್ ಬರೆಯುವುದು ನನ್ನಿಂದ ಆಗುತ್ತದೆಯೇ?" ಎಂದು ವಾರಿಜಾ ಕೇಳಿದಳು.

ಅವಳು ಅಫೆಕ್ಟ್ ಇರಬೇಕಾದಲ್ಲಿ ಎಫೆಕ್ಟ್ ಬರೆಯುತ್ತಿದ್ದಳು. ಕಾಮಾಗಳನ್ನು ಒಗ್ಗರಣೆಗೆ ಸಾಸಿವೆ ಉದುರಿಸಿದ ಹಾಗೆ ಉದುರಿಸುತ್ತಿದ್ದಳು. ಗುಮಾಸ್ತರ ಪರೀಕ್ಷೆಗೆ ಇನ್ನು ಹದಿನೈದು ದಿನ. ಎರಡು ಸಲ ಇಂಗ್ಲಿಷ್ ಪತ್ರಿಕೆಯಲ್ಲೇ ನಪಾಸಾಗಿದ್ದಳು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಈ ಸಲದ್ದೇ ಕೊನೆಯದು. ಹೋದ ವಾರ ರುಕ್ಮಾಬಾಯಿ ಟೀಚರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಹಾಳೆಯನ್ನು ಮನೆಯವರು ನೋಡಿಯಾರೆಂದು ನೋಟ್‌ಬುಕ್ಕಿನಿಂದ ಹರಿದು, ಮಡಚಿ, ಬ್ಯಾಗಿನ ತಳಕ್ಕೆ ತುರುಕಿದ್ದಳು.

ಟೀಚರು ಅವಳ ನೋಟ್‌ಬುಕ್ಕಿನ ಪುಟ ತಿರುವಿದರು. ಹೊಲಿಗೆಯ ಹತ್ತಿರ ಉಳಿದಿದ್ದ ಹರಿದ ಅಂಚಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಪುಸ್ತಕ ಮುಚ್ಚಿ ಹೇಳತೊಡಗಿದರು.

ಮೇಲಿನ ಕಚೇರಿಗೆ ಹೋಗುವ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕಿದ್ದ ಕಾಲ. ಒಂದು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ನಾಲ್ವರು ಟೈಪಿಸ್ಟರು ಕೂರುತ್ತಿದ್ದರು. ನಾಲ್ಕನೆಯವಳು ಹೆಂಗಸು. ಎಲ್ಲರ ಮೇಜಿಗೂ ಗಾಜಿನ ಹಾಸು. ಗಾಜಿನ ಕೆಳಗೆ ದೇವರ ಪಟ ಇಡುವುದು ಅಲ್ಲಿಯ ರೂಢಿ. ಶಿರಸ್ತೇದಾರರು ತಪ್ಪಿಗೆಲ್ಲ ಕೆಂಪು ಸುತ್ತು ಹಾಕಿ ಅರ್ಜಿಯನ್ನು ಹೊರಗೆ ಕಳಿಸಿದರೆ, ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಮುದುರಿ ಚಹಾದವನ ಒಲೆಗೆ ಹಾಕಿ ಹೊಸದು ಹೊಡೆಯುವುದೂ ರೂಢಿಯೇ. ಅವಳೂ ಹಾಗೇ ಮಾಡಿದಳು. ಕ್ವಯಟ್ ಬರಬೇಕಾದಲ್ಲಿ ಕ್ವೈಟ್ ಎಂದು ಮೂರು ಅರ್ಜಿ ಹಿಂದಕ್ಕೆ ಬಂದವು. ಮೂರೂ ಉರಿದುಹೋದವು. ನಾಲ್ಕನೆಯದೂ ಹಾಗೇ ಬಂದಾಗ ಶಿರಸ್ತೇದಾರರು ಅವಳನ್ನು ಒಳಗೆ ಕರೆದು, ಇನ್ನೊಂದು ಸಲ ಹೀಗಾದರೆ ಮೇಜು ಬೀದಿಗೆ ಎಂದರು.

ಅವಳು ಹೊರಗೆ ಬಂದು, ಆ ಹಾಳೆಯನ್ನೂ ಒಲೆಗೆ ಹಾಕಿದವಳು ಮರುಕ್ಷಣವೇ ಕೈ ಸುಟ್ಟುಕೊಂಡು ಅದನ್ನು ಹೊರಗೆಳೆದಳು. ಒಂದು ಮೂಲೆ ಕರಕಲಾಗಿತ್ತು. ದೇವರ ಪಟವನ್ನು ಮನೆಗೆ ಒಯ್ದಳು. ಆ ಜಾಗದಲ್ಲಿ ಹಾಳೆಯನ್ನಿಟ್ಟಳು.

ಪಕ್ಕದ ಮೇಜಿನವನು ಇಣುಕಿದ. "ಅಕ್ಕಾ, ಈ ದೇವರಿಗೆ ಮಂಗಳಾರತಿ ಎಷ್ಟು ಗಂಟೆಗೆ?"

"ದಿನಕ್ಕೆ ಹತ್ತು ಸಲ," ಎಂದಳು ಅವಳು, ತಲೆ ಎತ್ತದೆ.

ಗಿರಾಕಿಗಳು ಕೆಂಪು ಶಾಯಿ ನೋಡಿ ಪಕ್ಕದ ಮೇಜಿಗೆ ಹೋದರು. ಕೆಲವು ದಿನ ಅವಳು ಯಂತ್ರದ ಮುಸುಕನ್ನೂ ತೆಗೆಯಲಿಲ್ಲ. ಆದರೂ ಹಾಳೆಯನ್ನು ಗಾಜಿನ ಕೆಳಗಿಂದ ತೆಗೆಯಲಿಲ್ಲ. ಹಳೆಯ ತಪ್ಪುಗಳನ್ನೆಲ್ಲ ನೆನಪಿನಿಂದ ಬರೆದು, ಸುತ್ತು ಹಾಕಿ, ಅದರ ಪಕ್ಕಕ್ಕೆ ಸೇರಿಸಿದಳು.

ಒಂದು ದಿನ ಒಬ್ಬ ಕುಂಬಾರ ಹೆಂಗಸು ಬಂದಳು. ಕೆರೆಯ ಜೇಡಿಮಣ್ಣು ತೆಗೆಯಲು ಅಪ್ಪಣೆ ಬೇಕಿತ್ತು. ಮಳೆಗೆ ಮುಂಚೆ ಸಿಗದಿದ್ದರೆ ವರ್ಷವಿಡೀ ತಿಗರಿ ತಿರುಗುವಂತಿರಲಿಲ್ಲ. ಅವಳಿಗೆ ಓದು ಬಾರದು. ಗಾಜಿನ ಕೆಳಗಿನ ಕೆಂಪು ಏನೆಂದು ಕೇಳಿದಳು. ನನ್ನ ತಪ್ಪುಗಳು ಎಂದಳು ಟೈಪಿಸ್ಟ್. ಕುಂಬಾರ ಹೆಂಗಸು ಉಳಿದ ಮೂರು ಮೇಜುಗಳನ್ನೂ ಒಮ್ಮೆ ನೋಡಿದಳು.

"ಸೀಳು ಬಿಟ್ಟ ಮಡಕೆಯನ್ನು ನಾನೂ ಹಾಗೇ ಎಸೆಯುವುದಿಲ್ಲ ತಾಯಿ, ಎಲ್ಲಿ ಸೀಳು ಬಿಟ್ಟಿತು ಅಂತ ನೋಡುತ್ತೇನೆ. ನೀನೇ ಬರಿ."

ಟೈಪಿಸ್ಟ್ ಪ್ರತಿ ಸಾಲಿಗೂ ಮುಂಚೆ ಗಾಜಿನ ಮೇಲೆ ಬೆರಳಾಡಿಸಿದಳು. ಒಂದೇ ಸಾಲಿಗೆ ಮೂರು ಹಾಳೆ ಹಾಳಾದವು. ಮಧ್ಯಾಹ್ನದ ಹೊತ್ತಿಗೆ ಅರ್ಜಿ ಒಳಗೆ ಹೋಯಿತು.

ಶಿರಸ್ತೇದಾರರು ತಾವೇ ಅದನ್ನು ಹಿಡಿದು ಹೊರಗೆ ಬಂದರು. ಒಂದು ಕೆಂಪು ಸುತ್ತು ಇತ್ತು. ಒಂದು ಕಾಮಾ. ಪಕ್ಕದ ಮೂರು ಯಂತ್ರಗಳೂ ನಿಂತವು. ಅವರು ಬಗ್ಗಿ, ಪೆನ್ನಿನ ತುದಿಯಿಟ್ಟು ಗಾಜಿನ ಕೆಳಗಿನ ಸುತ್ತುಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಕಡೆಗೆ, ಈ ತಪ್ಪು ಹೊಸದು ಎಂದರು.

ಅವಳು ಹೌದು ಸ್ವಾಮಿ ಎಂದು ಗಾಜಿನ ಅಂಚನ್ನು ಎತ್ತಿದಳು. ಅವರು ಹಾಳೆಯನ್ನು ಅದರ ಕೆಳಗೆ ತಾವೇ ಸರಿಸಿದರು. ಬೇಗ ಇನ್ನೊಂದು ಹೊಡೆ, ನಿಂತಿರುತ್ತೇನೆ ಎಂದರು. ಅರ್ಜಿ ಅಂದಿನ ಟಪಾಲಿನಲ್ಲೇ ಹೋಯಿತು. ಮೇಜು ಬೀದಿಗೆ ಹಾಕುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕತೆ ಮುಗಿಯಿತು. ವಾರಿಜಾಗೆ ಎದೆ ಹಗುರವಾಯಿತು. ಇವತ್ತಿನಿಂದ ತಾನೂ ಹಾಗೆಯೇ ಮಾಡುವುದಾಗಿ, ಒಂದು ತಪ್ಪನ್ನೂ ಬಿಡದೆ ಎತ್ತಿಡುವುದಾಗಿ, ಅದಕ್ಕೆಂದೇ ರಟ್ಟಿನ ಹೊಸ ನೋಟ್‌ಬುಕ್ ಕೊಳ್ಳುವುದಾಗಿ ಹೇಳಿದಳು.

ಟೀಚರು ಹಳೆಯ ನೋಟ್‌ಬುಕ್ಕನ್ನೇ ಅವಳತ್ತ ಸರಿಸಿದರು.

"ಹೊಸದು ಬೇಡ, ಇದರಿಂದ ಹರಿದಿಟ್ಟ ಹಾಳೆಯನ್ನು ಮೊದಲು ಹೊರಗೆ ತೆಗೆ."